ಊಟದ ಮೇಜಿಗೆ ಬಂದ ಅಮೆರಿಕ: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ಉದ್ದದ ವಾಯ್ಸ್ ಮೆಸೇಜ್ ಕೇಳಿದೆವು. ನಿಮ್ಮಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ಅರ್ಧ ನಗು ಬಂತು, ಇನ್ನರ್ಧಕ್ಕೆ ಈ ಪತ್ರ. ಕನ್ನಡದಲ್ಲೇ ಬರೆಯುತ್ತಿದ್ದೇನೆ. ಭಾನುವಾರದ ಕನ್ನಡ ಕ್ಲಾಸಿಗೆ ನಿನ್ನನ್ನು ಎಳೆದುಕೊಂಡು ಹೋಗುತ್ತಿದ್ದದ್ದು ಇಷ್ಟಕ್ಕಾದರೂ ಉಪಯೋಗಕ್ಕೆ ಬರಲಿ. ಇನ್ನೊಂದು ಅನುಕೂಲವೂ ಇದೆ. ನೀನು ಇದನ್ನು ಅಡುಗೆಮನೆಯಲ್ಲಿ ಮರೆತು ಹೋದರೂ ನೀನು ಉಳಿದುಕೊಂಡಿರುವ ಆ ಫ್ರೆಂಚ್ ಮನೆಯಲ್ಲಿ ಯಾರೂ ಓದಲಾರರು.

ನೀನು ಹೇಳಿದ್ದು ಇಷ್ಟು. ರಾತ್ರಿ ಎಂಟಕ್ಕೆ ಊಟಕ್ಕೆ ಕೂತರೆ ಏಳುವಾಗ ಹತ್ತು. ಊಟ ಆಯಿತು, ಸಲಾಡ್ ಆಯಿತು, ಚೀಸ್ ಬರುವ ಹೊತ್ತಿಗೆ ಮಾತು ಅಮೆರಿಕದ ಮೇಲೆ ತಿರುಗಿತು. ಅಮೆರಿಕನ್ನರು ದಪ್ಪ. ಮನೆಮನೆಯಲ್ಲೂ ಬಂದೂಕು. ರಜೆ ಅಂದರೇನು ಅಂತಲೇ ಗೊತ್ತಿಲ್ಲ. ನೀರಿಗೂ ಐಸ್ ಬೇಕು. ಮ್ಯಾಪಿನಲ್ಲಿ ಫ್ರಾನ್ಸ್ ತೋರಿಸು ಅಂದರೆ ತಡಕಾಡುತ್ತಾರೆ. ಆ ನಗು ಎಲ್ಲ ಬರೀ ತೋರಿಕೆ. ಆ ಮನೆಯ ಯಜಮಾನರು, ನಿನ್ನ ಮಸ್ಯೂ, ಒಂದೊಂದಾಗಿ ಹೇಳಿದರು, ಅವರ ಮಗ ಎದ್ದು ಕೌಬಾಯ್ ನಡಿಗೆ ಮಾಡಿ ತೋರಿಸಿದ. ನೀನು ತಲೆಯಾಡಿಸಿದೆ. ಅಷ್ಟೇ ಅಲ್ಲ, ನಿನ್ನ ಕಡೆಯಿಂದಲೂ ಎರಡು ಜೋಕ್ ಸೇರಿಸಿದೆ. ಕೊನೆಗೆ ನನಗೆ ಹೇಳಿದೆ: 'ಅಮ್ಮಾ, ಇವರು ನನ್ನನ್ನ ಅಮೆರಿಕನ್ ಅಂತ ಲೆಕ್ಕಕ್ಕೇ ತಗೊಂಡಿಲ್ಲ, ಸದ್ಯ!'

ಆ 'ಸದ್ಯ' ನನಗೆ ಸ್ವಲ್ಪ ಚುಚ್ಚಿತು ಕಣೇ. ನೀನು ಹುಟ್ಟಿದ್ದು ಓಹಾಯೋದ ಡೇಟನ್‌ನಲ್ಲಿ. ಬೀವರ್‌ಕ್ರೀಕ್‌ನಲ್ಲಿ ಹಳದಿ ಬಸ್ ಹತ್ತಿ ಸ್ಕೂಲಿಗೆ ಹೋದವಳು. ದಿನಾ ಬೆಳಿಗ್ಗೆ ಎದೆ ಮೇಲೆ ಕೈಯಿಟ್ಟು ಅಮೆರಿಕದ ಬಾವುಟಕ್ಕೆ ಪ್ಲೆಡ್ಜ್ ಹೇಳಿದವಳು. ನಮ್ಮಂಥ ಮುಖದವರಿಗೆ ಒಂದು ಸೌಕರ್ಯ ಇದೆ. ಅಮೆರಿಕವನ್ನು ಬೈಯುವಾಗ ಇಂಡಿಯಾ ಕಡೆ ಸರಿದು ಕೂರಬಹುದು. ಇಂಡಿಯಾವನ್ನು ಬೈಯುವಾಗ ಅಮೆರಿಕ ಕಡೆಗೆ. ನಮ್ಮವರೆಲ್ಲ ಅಡುಗೆ ತಂದು ಸೇರುವ ಪಾಟ್‌ಲಕ್‌ಗಳಲ್ಲಿ ನೀನೇ ನೋಡಿಲ್ಲವಾ? ಮನೆ, ಕಾರು, ಮಕ್ಕಳ ಕಾಲೇಜು ಎಲ್ಲ ಇಲ್ಲೇ. ಆದರೂ 'ಈ ಅಮೆರಿಕನ್ನರಿಗೆ ಸಂಸಾರ ಅಂದರೆ ಗೊತ್ತಿಲ್ಲ' ಅಂತ ಶುರುವಾದರೆ ಪಾಯಸ ಮುಗಿಯುವವರೆಗೂ ನಿಲ್ಲುವುದಿಲ್ಲ. ಆ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ನೀನು ಅದನ್ನೇ ಫ್ರೆಂಚಿನಲ್ಲಿ ಆಡುವುದು ಬೇಡ.

ಹಾಗಂತ ದೇಶದ ಪರ ವಕಾಲತ್ತು ವಹಿಸು ಅಂತ ನಾನು ಹೇಳುತ್ತಿಲ್ಲ. ಮಸ್ಯೂ ಹೇಳಿದ್ದರಲ್ಲಿ ಎಷ್ಟೋ ನಿಜ. ನಿಜ ಇದ್ದದ್ದನ್ನು ನಿನ್ನ ಸ್ವಂತ ಊರಿನ ವಿಷಯ ಅಂತ ಹೇಳು. ಪಕ್ಕದ ಬೀದಿಯವರ ಜಗಳದ ಥರ ಹೇಳಬೇಡ.

ದಪ್ಪದ ಮಾತು ಬಿಡು. ಅಮೆರಿಕದ ದೊಡ್ಡವರಲ್ಲಿ ಹತ್ತಕ್ಕೆ ನಾಲ್ವರಿಗೆ ಬೊಜ್ಜು ಇದೆ. ಫಾರ್ಮಸಿ ಕೌಂಟರಿನಲ್ಲಿ ನಿಂತು ನಾನು ದಿನಾ ನೋಡುತ್ತೇನೆ, ಇಲ್ಲ ಅಂದರೆ ಸುಳ್ಳಾಗುತ್ತದೆ. ಐಸ್ ವಿಷಯವೂ ಒಪ್ಪಿಕೋ. ಅದಕ್ಕೆ ಯಾವ ಸಮರ್ಥನೆಯೂ ಇಲ್ಲ.

ರಜೆಯ ಮಾತು ಬಂದಾಗ ಮಾತ್ರ ಸುಮ್ನೆ ನಗಬೇಡ, ವಿವರವಾಗಿ ಹೇಳು. ಫ್ರಾನ್ಸಿನಲ್ಲಿ 1936ರಲ್ಲೇ ಕೆಲಸಗಾರರಿಗೆ ವರ್ಷಕ್ಕೆ ಎರಡು ವಾರ ಸಂಬಳದ ರಜೆ ಕಾನೂನಾಯಿತು. ಬೆಳೆಯುತ್ತಾ ಬೆಳೆಯುತ್ತಾ 1982ಕ್ಕೆ ಅದು ಐದು ವಾರ ಆಯಿತು. ಅಮೆರಿಕದಲ್ಲಿ ಇವತ್ತಿಗೂ ಸಂಬಳದ ರಜೆ ಕೊಡಲೇಬೇಕು ಅನ್ನುವ ಕೇಂದ್ರದ ಕಾನೂನು ಇಲ್ಲ. ಒಂದು ದಿನಕ್ಕೂ ಇಲ್ಲ. ಬಹುತೇಕ ಕಡೆ ಕೊಟ್ಟರೆ ಕಂಪನಿಯ ದಯೆ. ಅಂದಮೇಲೆ ಅಮೆರಿಕನ್ನರಿಗೆ ರಜೆ ಗೊತ್ತಿಲ್ಲ ಅನ್ನುವುದು ಅವರ ಸ್ವಭಾವದ ಮಾತಲ್ಲ, ಕಾನೂನಿನ ಮಾತು. ನೀನು ಹುಟ್ಟಿದಾಗ ನನಗೆ ಸಿಕ್ಕಿದ್ದು 12 ವಾರ, ಅದೂ ಸಂಬಳವಿಲ್ಲದೆ. 1993ರ ಕಾನೂನಿನಲ್ಲಿ ಇದ್ದದ್ದೇ ಅಷ್ಟು. ಮೈಸೂರಿನಲ್ಲಿ ಬ್ಯಾಂಕಿನಲ್ಲಿದ್ದ ನಿನ್ನ ಚಿಕ್ಕಮ್ಮನಿಗೂ ಆಗ 12 ವಾರವೇ, ಆದರೆ ಪೂರ್ತಿ ಸಂಬಳ. ಅದು 1961ರಲ್ಲೇ ಬಂದ ಕಾನೂನು. 'ನೀನು ಡಾಲರಿನ ದೇಶದಲ್ಲಿದ್ದೀಯ, ಅಲ್ವಾ?' ಅಂತ ಅವಳು ಫೋನಿನಲ್ಲಿ ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ನಿನ್ನ ಮದಾಮ್‌ಗೆ ಮಗ ಹುಟ್ಟಿದಾಗ ಎಷ್ಟು ವಾರ ಸಿಕ್ಕಿತ್ತು ಕೇಳು. ಅಲ್ಲಿ ಮೊದಲ ಮಗುವಿಗೆ 16 ವಾರ.

ಇನ್ನೊಂದು ನನಗೆ ಆಶ್ಚರ್ಯ. ಇಷ್ಟೆಲ್ಲ ಹೇಳಿದ ಮಸ್ಯೂ ನಮ್ಮ ದೊಡ್ಡ ಕಷ್ಟವನ್ನು, ಔಷಧಿ ಆಸ್ಪತ್ರೆಯ ಖರ್ಚನ್ನು, ಎತ್ತಲೇ ಇಲ್ಲ. ಅವರ ಜೇಬಿನಲ್ಲಿ ಆರೋಗ್ಯ ವಿಮೆಯ ಹಸಿರು ಬಣ್ಣದ ಕಾರ್ಡ್ ಇರುತ್ತದಲ್ಲ, ಕಾರ್ತ್ ವಿತಾಲ್, ಅದನ್ನು ತೋರಿಸಿ ಔಷಧಿ ತರುತ್ತಾರಲ್ಲ, ಅದು ಅವರಿಗೆ ಗಾಳಿ ಬೆಳಕಿನಷ್ಟು ಸಹಜ. 1945ರಲ್ಲಿ, ಯುದ್ಧದಲ್ಲಿ ದೇಶ ನೆಲಕಚ್ಚಿದ್ದ ಹೊತ್ತಿನಲ್ಲಿ, ಅವರು ಆ ವಿಮೆಯ ವ್ಯವಸ್ಥೆ ಕಟ್ಟಿಕೊಂಡರು. ನನ್ನ ಕೌಂಟರಿಗೆ ಬರುವವರು ಬೆಲೆ ಕೇಳಿ ಔಷಧಿ ಬಿಟ್ಟು ವಾಪಸ್ ಹೋಗುತ್ತಾರೆ. ಒಬ್ಬೊಬ್ಬರು ಅರ್ಧ ಕೊಡಿ ಅನ್ನುತ್ತಾರೆ. ಇನ್ಸುಲಿನ್ ಕಮ್ಮಿ ಕಮ್ಮಿ ತಗೊಂಡು ಹೆಚ್ಚು ದಿನ ಬರುವಂತೆ ಮಾಡುವವರನ್ನು ನಾನು ಬಲ್ಲೆ. ಹಣೆಪಟ್ಟಿ ಅಂಟಿಸುವವರ ತೊಂದರೆಯೇ ಇದು. ಬೈದರೆ ಸರಿಯಾದ ಜಾಗಕ್ಕೆ ಬೈಯುವುದಿಲ್ಲ. ಐಸಿನ ಮೇಲೆ ಕೋಪ, ಇದರ ಮೇಲೆ ಇಲ್ಲ.

ಇನ್ನು ಬಂದೂಕು. ಅವರು ಅದನ್ನು ಕೌಬಾಯ್ ಸಿನಿಮಾದ ಥರ ಹೇಳಿದರು, ನೀನೂ ನಕ್ಕೆ. ಪುಟ್ಟಿ, 2019ರ ಆಗಸ್ಟ್ 4ರ ಬೆಳಗಿನ ಜಾವ ನೆನಪಿಲ್ಲವಾ? ನಮ್ಮ ಡೇಟನ್ನಿನ ಒರೆಗಾನ್ ಡಿಸ್ಟ್ರಿಕ್ಟ್. ನಿಮ್ಮಪ್ಪ ನಿನಗೆ ಐಸ್‌ಕ್ರೀಮ್ ಕೊಡಿಸುತ್ತಿದ್ದ ಬೀದಿ. ಒಬ್ಬ ಜನರ ಮೇಲೆ ಗುಂಡು ಹಾರಿಸಲು ಶುರುಮಾಡಿದ, ಪೊಲೀಸರು ಸುಮಾರು ಅರ್ಧ ನಿಮಿಷದಲ್ಲೇ ಅವನನ್ನು ಹೊಡೆದು ಹಾಕಿದರು. ಅಷ್ಟರಲ್ಲಿ ಒಂಬತ್ತು ಜನ ಸತ್ತಿದ್ದರು. ಪೊಲೀಸರು ಇದಕ್ಕಿಂತ ಬೇಗ ಬರುವುದು ಸಾಧ್ಯವೇ ಇರಲಿಲ್ಲ, ಆದರೂ ಒಂಬತ್ತು ಜನ. ಅವತ್ತು ಸಂಜೆ ಮೇಣದಬತ್ತಿ ಹಿಡಿದು ಸೇರಿದ ಜನ ಗವರ್ನರ್ ಮಾತಾಡಲು ನಿಂತಾಗ 'ಏನಾದರೂ ಮಾಡಿ' ಅಂತ ಕೂಗಿದರು. ಬಾಯಿ ಒಣಗುವವರೆಗೂ ಕೂಗಿದರು. ಅವರೂ ಅಮೆರಿಕನ್ನರೇ ತಾನೇ? ಇದನ್ನು ಹೇಳು. ಲೈಟ್ ಆರಿಸಿ, ಬಾಗಿಲಿಗೆ ಬೀಗ ಹಾಕಿ, ಗೋಡೆ ಮೂಲೆಯಲ್ಲಿ ಉಸಿರು ಬಿಗಿಹಿಡಿದು ಕೂರುವ ಡ್ರಿಲ್ ಸ್ಕೂಲಿನಲ್ಲಿ ಇರುತ್ತಿತ್ತಲ್ಲ, ಅದನ್ನೂ ಹೇಳು. ಬಂದೂಕಿನ ಹಕ್ಕಿನ ಬಗ್ಗೆ ಸಂವಿಧಾನದ 1791ರ ಎರಡನೇ ತಿದ್ದುಪಡಿ ಏನು ಹೇಳುತ್ತದೆ, ಅದನ್ನು ಬದಲಿಸುವುದು ಯಾಕೆ ಇಷ್ಟು ಕಷ್ಟ ಅನ್ನುವುದನ್ನು ನೀನು ಸ್ಕೂಲಿನಲ್ಲಿ ಓದಿದ್ದೀಯ. ಆ ಹುಡುಗ ಆಮೇಲೆ ಕೌಬಾಯ್ ನಡಿಗೆ ಮಾಡಿದರೆ ಮಾಡಲಿ.

ನಗು ತೋರಿಕೆಯದು ಅನ್ನುವುದಕ್ಕೆ ಬರುತ್ತೇನೆ. ಇದನ್ನು ನಾನು ಒಪ್ಪುವುದಿಲ್ಲ. ಫ್ರೆಂಚರಿಗೆ ಅಂಗಡಿಗೆ ಹೋದಾಗ ನಾವು ಬೋಂಜೂರ್ ಅಂತ ನಮಸ್ಕಾರ ಹೇಳದಿದ್ದರೆ ಕೋಪ ಬರುತ್ತದೆ, ಅಲ್ವಾ? ಹಾಗಾದರೆ ದಿನಾ ಇಪ್ಪತ್ತು ಸಲ ಬೋಂಜೂರ್ ಹೇಳುವವರೆಲ್ಲ ಮನಸ್ಸಿನಿಂದಲೇ ಹೇಳುತ್ತಾರಾ? ನಮ್ಮ ಪಕ್ಕದ ಮನೆಯವರು ವರ್ಷಗಟ್ಟಲೆ 'ಹೌ ಆರ್ ಯೂ' ಕೇಳಿದ್ದಾರೆ, ಉತ್ತರಕ್ಕೆ ಒಂದು ದಿನವೂ ನಿಂತಿಲ್ಲ. ನಾನೂ ಅವರನ್ನು ಆಡಿಕೊಂಡು ನಕ್ಕಿದ್ದೇನೆ. ಅದೇ 2019ರ ಮೇ 27, ಮೆಮೋರಿಯಲ್ ಡೇ ರಾತ್ರಿ ಸುಂಟರಗಾಳಿ ಡೇಟನ್ ಸುತ್ತಮುತ್ತ ಹಾದುಹೋಯಿತು. ಬೆಳಿಗ್ಗೆ ಕರೆಂಟ್ ಇಲ್ಲ, ಊರಿನ ಅರ್ಧಕ್ಕೆ ನಲ್ಲಿಯಲ್ಲಿ ನೀರಿಲ್ಲ, ನಮ್ಮ ಡ್ರೈವ್‌ವೇಗೆ ಅಡ್ಡ ಒಂದು ಮೇಪಲ್ ಮರ. ಅದೇ ಮನುಷ್ಯ ಗರಗಸದ ಮೆಷಿನ್ ಹಿಡಿದು ಬಂದರು. ಕರೆದಿರಲಿಲ್ಲ. ಮರ ಕಡಿದು, ಕೊಂಬೆ ಎಳೆದು ಹಾಕಿ, ಮುಂದಿನ ಮನೆಗೆ ಹೋದರು. ಅವತ್ತೂ 'ಹೌ ಆರ್ ಯೂ' ಅಂದರು, ಉತ್ತರಕ್ಕೆ ಅವತ್ತೂ ನಿಲ್ಲಲಿಲ್ಲ. ಅಷ್ಟೇ ಅವರು. ಆಳವಾದ ಗೆಳೆತನ ಅದಲ್ಲ, ನಿಜ. ಆದರೆ ಸುಳ್ಳು ಅಂತ ನಾನು ಹೇಳುವುದಿಲ್ಲ.

ಈಗ ನಿನಗೆ ಒಂದು ಕಥೆ. ನೀನು ಫ್ರಾನ್ಸಿನಲ್ಲಿ ಎಲ್ಲ ಊರು ಬಿಟ್ಟು ಲ ಮಾನ್‌ಗೇ ಹೋದೆಯಲ್ಲ ಅಂತ ನಿಮ್ಮಪ್ಪ ಮೊದಲ ದಿನದಿಂದ ಕುಣಿಯುತ್ತಿದ್ದಾರೆ. ಅವರ ತಲೆಯಲ್ಲಿರುವುದು 24 ಗಂಟೆಯ ಕಾರ್ ರೇಸ್, 1966ರಲ್ಲಿ ಫೋರ್ಡ್ ಗೆದ್ದದ್ದು. ನನ್ನ ತಲೆಯಲ್ಲಿರುವುದು ವಿಮಾನ ಹಾರಿಸಿದ ರೈಟ್ ಸೋದರರಲ್ಲಿ ಒಬ್ಬರು, ನಮ್ಮ ಡೇಟನ್ನಿನ ವಿಲ್ಬರ್ ರೈಟ್. ನಮ್ಮೂರ ಹತ್ತಿರದ ಹಫ್‌ಮನ್ ಪ್ರೇರಿ ಬಯಲಿಗೆ ಫೀಲ್ಡ್ ಟ್ರಿಪ್ ಅಂದರೆ ನೀನು ಮೂಗು ಮುರಿಯುತ್ತಿದ್ದೆ, 'ಬರೀ ಹುಲ್ಲು' ಅಂತ. ಆ ಹುಲ್ಲಿನ ಮೇಲೆ 1904 ಮತ್ತು 1905ರಲ್ಲಿ ಅಣ್ಣತಮ್ಮ ಹಾರಾಡಿ ಹಾರಾಡಿ ವಿಮಾನವನ್ನು ತಿರುಗಿಸುವುದು ಕಲಿತರು. ಫ್ರಾನ್ಸಿನಲ್ಲಿ ಅದನ್ನು ಬಹಳ ಜನ ನಂಬಲಿಲ್ಲ. ಓಹಾಯೋದಲ್ಲಿ ಸೈಕಲ್ ರಿಪೇರಿ ಮಾಡುವವರು ಹಾರಿದರಂತೆ! ಬಾಯಿಬಡುಕ ಅಮೆರಿಕನ್ನರ ಬೊಗಳೆ ಇದು ಅಂತ ಪೇಪರಿನಲ್ಲಿ ಬರೆದರು. ಪ್ಯಾರಿಸ್ಸಿನ ಏರೋ ಕ್ಲಬ್ಬಿನ ಅರ್ನೆಸ್ಟ್ ಆರ್ಚ್‌ಡೀಕನ್ ಅಂತೂ ಬಹಿರಂಗವಾಗಿಯೇ ಅವರನ್ನು ಅನುಮಾನಿಸಿದರು.

1908ರಲ್ಲಿ ವಿಲ್ಬರ್ ನಿನ್ನ ಊರಿಗೇ ಬಂದರು. ಕಸ್ಟಮ್ಸ್ ತಪಾಸಣೆಯಲ್ಲಿ ವಿಮಾನದ ಭಾಗಗಳು ಮುರಿದು ಹರಿದು ಹೋಗಿದ್ದವು. ಲೆಯೋಂ ಬೊಲೆ ಅನ್ನುವ ಕಾರು ತಯಾರಕರು ತಮ್ಮ ಕಾರ್ಖಾನೆಯಲ್ಲೇ ಜಾಗ ಕೊಟ್ಟರು. ವಿಲ್ಬರ್ ಅಲ್ಲಿ ಕೆಲಸಗಾರರ ಜೊತೆ ಅದೇ ಹೊತ್ತಿಗೆ ಬಂದು ಅದೇ ಹೊತ್ತಿಗೆ ಹೋಗುತ್ತಿದ್ದರು. ಇಂಜಿನ್ ಪರೀಕ್ಷೆ ಮಾಡುವಾಗ ಕುದಿಯುವ ನೀರು ಬಿದ್ದು ತೋಳು ಸುಟ್ಟುಕೊಂಡರು. ಯಾರು ಎಷ್ಟು ಕೆಣಕಿದರೂ ಮಾತು ಕಮ್ಮಿ. ಕುಡಿಯುವುದಿಲ್ಲ, ಸೇದುವುದಿಲ್ಲ. ಮಲಗುವುದು ವಿಮಾನದ ಶೆಡ್ಡಿನಲ್ಲೇ. ಬಾಯಿಬಡುಕ ಅಮೆರಿಕನ್ ನೋಡಲು ಬಂದವರಿಗೆ ಈ ಮೂಕಬಸವ ಸಿಕ್ಕಿದ!

ಆಗಸ್ಟ್ 8, ಶನಿವಾರ ಸಂಜೆ, ಯುನೋದಿಯೆರ್ ಕುದುರೆ ರೇಸಿನ ಮೈದಾನ. ಆರ್ಚ್‌ಡೀಕನ್ ಕೂಡ ಜನರ ಮಧ್ಯೆ ಇದ್ದರು, ಇದು ಹೇಗೆ ಹಾರುವುದಿಲ್ಲ ಅಂತ ವಿವರಿಸುತ್ತಾ. ವಿಲ್ಬರ್ ಹಾರಿದರು. ಎರಡು ಸುತ್ತು ಹೊಡೆದು ಇಳಿದರು. ಎಲ್ಲ ಸೇರಿ ಎರಡು ನಿಮಿಷವೂ ಇಲ್ಲ. ನೋಡಿದವರು ಹುಚ್ಚೆದ್ದು ಓಡಿ ಬಂದರು. ಮಾರನೇ ದಿನ ಇನ್ನೂ ಜಾಸ್ತಿ ಜನ ಬಂದರೆ, ವಿಲ್ಬರ್ ಹಾರಲಿಲ್ಲ. ಭಾನುವಾರ, ಬಿಷಪ್ ಅಪ್ಪನ ಮಗ, ಕೆಲಸ ಇಲ್ಲ. ರಜೆ ಗೊತ್ತಿಲ್ಲದ ಅಮೆರಿಕನ್! ಆಮೇಲೆ ಆರ್ಚ್‌ಡೀಕನ್ ತಾವು ತಪ್ಪು ತಿಳಿದಿದ್ದೆವು ಅಂತ ಎಲ್ಲರೆದುರೇ ಒಪ್ಪಿಕೊಂಡರು. ಆ ಫ್ರೆಂಚ್ ಗುಣವೂ ನನಗೆ ಬಹಳ ಇಷ್ಟ. ವಾದಕ್ಕೆ ನಿಂತರೆ ಜೋರು, ಕಣ್ಣಾರೆ ಕಂಡಮೇಲೆ ಮುಚ್ಚುಮರೆ ಇಲ್ಲ. ವಿಲ್ಬರ್ ಹಾಕುತ್ತಿದ್ದಂಥ ಟೋಪಿ ಫ್ರಾನ್ಸಿನಲ್ಲಿ ಫ್ಯಾಷನ್ ಆಯಿತು. ಜಾಕೋಬೆಂ ಚೌಕದಲ್ಲಿ ಅವರ ಸ್ಮಾರಕ ಇದೆ, 1920ರದ್ದು. ರಿಯೊದ ಗುಡ್ಡದ ಮೇಲಿನ ಆ ದೊಡ್ಡ ಏಸುವನ್ನು ಮಾಡಿದ ಲಾಂಡೋವ್ಸ್ಕಿಯೇ ಇದನ್ನೂ ಮಾಡಿದ್ದು. ನೀನು ದಿನಾ ಅದರ ಮುಂದೆಯೇ ಓಡಾಡುತ್ತಿರಬಹುದು, ಕಣ್ಣೆತ್ತಿ ನೋಡು. ಒಂದು ಫೋಟೋ ಕಳಿಸು.

ಇಷ್ಟೆಲ್ಲ ಹೇಳಿ ನೀನು ಸುಮ್ಮನಾಗಬೇಡ, ತಿರುಗಿ ಕೇಳು. ಅಲ್ಲಿ ಊಟದ ಹೊತ್ತಿನ ವಾದ ಜಗಳವಲ್ಲ. ಎಲ್ಲದಕ್ಕೂ ಹೂಂ ಅನ್ನುವ ಅತಿಥಿಯ ಹತ್ತಿರ ಅವರಿಗೇ ಬೇಜಾರಾಗುತ್ತದೆ. ನಮ್ಮ ಕಡೆಯ ಹುಚ್ಚಾಟವನ್ನೂ ಹೇಳು. 2003ರಲ್ಲಿ ಇರಾಕ್ ಯುದ್ಧ ಬೇಡ ಅಂತ ಫ್ರಾನ್ಸ್ ವಿಶ್ವಸಂಸ್ಥೆಯಲ್ಲಿ ಹೇಳಿದ್ದಕ್ಕೆ ವಾಷಿಂಗ್ಟನ್ನಿನ ಸಂಸತ್ತಿನ ಕ್ಯಾಂಟೀನಿನಲ್ಲಿ ಫ್ರೆಂಚ್ ಫ್ರೈಸ್ ಹೆಸರು ಫ್ರೀಡಂ ಫ್ರೈಸ್ ಆಯಿತು. ಹಾಗೆ ಮಾಡಿಸಿದವರು ನಮ್ಮ ಓಹಾಯೋದವರೇ, ಬಾಬ್ ನೇ. 2006ರಲ್ಲಿ ಸದ್ದಿಲ್ಲದೆ ಹಳೇ ಹೆಸರು ವಾಪಸ್ ಬಂತು. ಫ್ರೆಂಚರು ಸೋಮಾರಿಗಳು, ಬರೀ ಸ್ಟ್ರೈಕ್ ಮಾಡುತ್ತಾರೆ, ಸೊಕ್ಕು ಅಂತೆಲ್ಲ ಇಲ್ಲಿ ಅನ್ನುತ್ತಾರೆ ಅಂತಲೂ ಹೇಳು. ಮಸ್ಯೂ ಬೆಳಿಗ್ಗೆ ಆರಕ್ಕೆ ಕೆಲಸಕ್ಕೆ ಹೊರಡುತ್ತಾರೆ ಅಂದೆಯಲ್ಲ, ಅವರಿಗೆ ಹೇಗನ್ನಿಸುತ್ತದೆ ನೋಡು. ಹಾಗೇ ಅಮೆರಿಕದ ತಿಂಡಿ ಕಸ ಅನ್ನುವ ಅವರ ಮಗ ಶನಿವಾರ ಎಲ್ಲಿಗೆ ಹೋಗುತ್ತಾನೆ ಅಂತಲೂ ಕೇಳು. 1999ರಲ್ಲಿ ಮಿಯೋ ಊರಿನಲ್ಲಿ ರೈತರು ಕಟ್ಟುತ್ತಿದ್ದ ಮೆಕ್‌ಡೊನಾಲ್ಡ್ಸ್ ಅನ್ನು ಕಳಚಿ ಹಾಕಿದ ದೇಶ ಅದು. ಈಗ ಅಲ್ಲಿ ಸಾವಿರಕ್ಕಿಂತ ಜಾಸ್ತಿ ಮೆಕ್‌ಡೊನಾಲ್ಡ್ಸ್ ಇವೆ. ರೈತರ ಕೋಪಕ್ಕೆ ಕಾರಣ ಇತ್ತು ಬಿಡು. ಅಮೆರಿಕ ಅವರ ರೋಕ್‌ಫೋರ್ ಚೀಸಿನ ಮೇಲೆ ನೂರಕ್ಕೆ ನೂರು ಸುಂಕ ಹಾಕಿತ್ತು.

'ನಿಜವಾಗಿ ನೀನು ಎಲ್ಲಿಯವಳು?' ಅಂತ ಅವರ ನೆಂಟರು ಕೇಳಿದ್ದಕ್ಕೆ ಸಿಟ್ಟು ಬಂತು ಅಂದೆ. ಬರಬೇಕಾದ್ದೇ. ತಮಾಷೆ ಅಂದರೆ ಫ್ರಾನ್ಸ್ ತನ್ನ ಜನಗಣತಿಯಲ್ಲಿ ಯಾರ ಜನಾಂಗವನ್ನೂ ಕೇಳುವುದಿಲ್ಲ. ಅದು ಅವರಿಗೆ ಹೆಮ್ಮೆ. ಅಮೆರಿಕ ಕೇಳುತ್ತದೆ. 1980ರಿಂದ ನಮಗೆ ಅಂತಲೇ ಒಂದು ಚೌಕ ಇದೆ, ಏಷ್ಯನ್ ಇಂಡಿಯನ್. ಅಮೆರಿಕದವರು ಕಾಗದದಲ್ಲಿ ಕೇಳುತ್ತಾರೆ, ಇವರು ಊಟಕ್ಕೆ ಕೂತಾಗ ಕೇಳುತ್ತಾರೆ. ನಿಮ್ಮಪ್ಪ ದೆಹಲಿಯಲ್ಲಿ ಓದುವಾಗ ಮೈಸೂರು ಅಂತ ಎಷ್ಟು ಹೇಳಿದರೂ ಹಾಸ್ಟೆಲಿನಲ್ಲಿ ಮದ್ರಾಸಿಯೇ. ಇಂಡಿಯಾ ಅಂದ ಕೂಡಲೇ ಅಲ್ಲಿಯವರು ಪಾಂಡಿಚೇರಿ ಅನ್ನುತ್ತಾರಂತಲ್ಲ, ಅನ್ನಲಿ. ನೀನು ಶ್ರೀರಂಗಪಟ್ಟಣ ಅನ್ನು. 1788ರಲ್ಲಿ ಟಿಪ್ಪು ಕಳಿಸಿದ ಮೂವರು ರಾಯಭಾರಿಗಳು ವರ್ಸೈನಲ್ಲಿ ಹದಿನಾರನೇ ಲೂಯಿಯನ್ನು ಕಂಡರು. ಪ್ಯಾರಿಸ್ಸಿನ ಜನ ಅವರ ಬಟ್ಟೆ ನೋಡಲು ಮುಗಿಬಿದ್ದರು, ಆದರೆ ಕೇಳಿದ ಸೈನ್ಯ ಸಿಗಲಿಲ್ಲ. ದರಿಯಾ ದೌಲತ್ತಿನ ಗೋಡೆಯಲ್ಲಿ ಪೊಳ್ಳಿಲೂರು ಯುದ್ಧದ ಚಿತ್ರ ತೋರಿಸಿದ್ದೆನಲ್ಲ, ಅದರಲ್ಲಿ ಮೈಸೂರಿನವರ ಜೊತೆ ಫ್ರೆಂಚರೂ ಇದ್ದಾರೆ.

ಡೇಟನ್ ಎಲ್ಲಿದೆ ಅಂತ ಮಸ್ಯೂಗೆ ಗೊತ್ತಿಲ್ಲ ಅಂದರೆ ಬೋಸ್ನಿಯಾ ಯುದ್ಧ ನಿಲ್ಲಿಸಿದ ಒಪ್ಪಂದ ಅನ್ನು, ತಟ್ಟನೆ ಗೊತ್ತಾಗುತ್ತದೆ. 1995ರಲ್ಲಿ ಮಾತುಕತೆ ನಡೆದದ್ದು ನಮ್ಮ ಏರ್‌ಫೋರ್ಸ್ ಬೇಸಿನಲ್ಲಿ, ಸಹಿ ಬಿದ್ದದ್ದು ಪ್ಯಾರಿಸ್ಸಿನಲ್ಲಿ.

ಮನೆಯಲ್ಲಿ ಮದಾಮ್ ಅವರ ತಾಯಿ ಇದ್ದಾರೆ, ಎಂಬತ್ತು ದಾಟಿದೆ, ಅಮೆರಿಕದ ಮಾತು ಬಂದಾಗ ಅವರು ನಗಲಿಲ್ಲ ಅಂದೆ. ನನಗೆ ಎಲ್ಲರಿಗಿಂತ ಅವರ ಮೇಲೆ ಕುತೂಹಲ. ಲ ಮಾನ್ ಜರ್ಮನ್ನರಿಂದ ಬಿಡುಗಡೆಯಾದದ್ದು 1944ರ ಆಗಸ್ಟ್ 8. ವಿಲ್ಬರ್ ಹಾರಿದ ದಿನವೇ, 36 ವರ್ಷದ ಮೇಲೆ. ಅವತ್ತು ಊರೊಳಗೆ ಬಂದದ್ದು ಅಮೆರಿಕನ್ ಸೈನ್ಯ. ಆ ಅಜ್ಜಿ ಆಗ ಪುಟ್ಟ ಹುಡುಗಿ ಇದ್ದಿರಬೇಕು. ಅವರು ಹೇಳುವುದು ಬರೀ ಹೊಗಳಿಕೆಯೇ ಆಗಿರಬೇಕಿಲ್ಲ. ಊರುಗಳ ಮೇಲೆ ಬಾಂಬು ಹಾಕಿದವರೂ ಅದೇ ಕಡೆಯವರು. ಮಧ್ಯಾಹ್ನ ಬೇರೆ ಯಾರೂ ಇಲ್ಲದ ಹೊತ್ತಿನಲ್ಲಿ ಅವರ ಹತ್ತಿರ ಕೂತು ಕೇಳು. ನಿನ್ನ ಫ್ರೆಂಚಿಗೂ ಒಳ್ಳೆಯದು. ಕೇಳಿದ್ದನ್ನು ಬರೆದು ಕಳಿಸು.

ಅಮೆರಿಕದ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಅಡುಗೆ ಮಾಡಿ ತೋರಿಸು ಅಂತ ಮದಾಮ್ ಕೇಳಿದ್ದಾರಂತೆ. ಅಲ್ಲಿ ಹಬ್ಬದ ಆ ಗುರುವಾರ ಎಲ್ಲರಿಗೂ ಕೆಲಸದ ದಿನ, ಶನಿವಾರ ಇಟ್ಟುಕೋ. ಟರ್ಕಿ ಕೋಳಿ ಹುಡುಕಲು ಹೋಗಬೇಡ. ನೀನೂ ತಿನ್ನುವುದಿಲ್ಲ, ನಮ್ಮ ಮನೆಯಲ್ಲಿ ಅದು ಯಾವತ್ತೂ ಬೆಂದಿಲ್ಲ. ಅವರ ಹಂದಿಮಾಂಸದ ರಿಯೆತ್ ಅವರು ತಿನ್ನಲಿ. ನೀನು ನಮ್ಮ ಮನೆಯ ಥ್ಯಾಂಕ್ಸ್‌ಗಿವಿಂಗ್ ಮಾಡು: ಬಿಸಿಬೇಳೆಬಾತ್, ಬೂಂದಿ, ಕ್ರ್ಯಾನ್‌ಬೆರಿ ಗೊಜ್ಜು, ಕೊನೆಗೆ ಪಂಪ್ಕಿನ್ ಪೈ. ಡಬ್ಬಿಯ ಪಂಪ್ಕಿನ್ ಅಲ್ಲಿ ಸಿಗುವುದು ಕಷ್ಟ, ಕುಂಬಳಕಾಯಿ ಬೇಯಿಸಿ ನೀರು ಪೂರ್ತಿ ಹಿಂಡಿಬಿಡು. ಇದು ಅಮೆರಿಕನ್ ಊಟವಾ ಅಂತ ಮಸ್ಯೂ ಕೇಳಿಯೇ ಕೇಳುತ್ತಾರೆ. ಹೌದು ಅನ್ನು. ವಾದಕ್ಕೆ ಬಂದರೆ ಬರಲಿ, ಚೀಸ್ ಬರುವವರೆಗೂ ಹೊತ್ತಿರುತ್ತದೆ.

ಬಿಸಿಬೇಳೆ ಪುಡಿ, ಹುಣಸೆಹಣ್ಣು ಪಾರ್ಸೆಲ್ ಮಾಡಿದ್ದೇನೆ. ತುಪ್ಪ ಕಳಿಸಿಲ್ಲ, ಅಲ್ಲೇ ಬೆಣ್ಣೆ ಕಾಸಿಕೋ. ಪ್ಯಾಕೆಟ್ ಮೇಲೆ 'ದು' ಅಂತ, ಅಂದರೆ ಉಪ್ಪಿಲ್ಲದ್ದು ಅಂತ ಇರುವುದನ್ನು ತಗೋ. ಉಪ್ಪು ಹಾಕಿದ 'ದಮಿ ಸೆಲ್' ತಂದೆಯೋ, ಉಪ್ಪುಪ್ಪು ತುಪ್ಪ ಆಗುತ್ತದೆ.

ಇಂತಿ,
ನಿನ್ನ ಅಮ್ಮ